ಏಣಿ ಹಿಡಿದವಳು

ಏಣಿ ಹತ್ತುವವಳು ಕೆಲಸ ಮಾಡುತ್ತಾಳೆ, ಏಣಿ ಹಿಡಿಯುವವಳು ಸುಮ್ಮನೆ ನಿಂತಿರುತ್ತಾಳೆ. ಇದು ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಸುದೀಪನ ತಿಳುವಳಿಕೆ. ನೆರಳಲ್ಲಿ ನಿಂತು ಫೋನು ಹಿಡಿದು ನೋಡಿದವನಿಗೆ ಹಾಗೆ ಕಂಡರೆ ಆಶ್ಚರ್ಯವಿಲ್ಲ. ಹಾಗೆ ನಿಂತು ನೋಡುವುದಕ್ಕೆ ಅವನಿಗೆ ತಿಂಗಳು ತಿಂಗಳು ಸಂಬಳ ಬರುತ್ತಿತ್ತು, ಆ ಮಾತು ಬೇರೆ.

ಶ್ರೀಮಂಗಲದಾಚೆ ಕುಶಾಲಪ್ಪನವರ ತೋಟದಲ್ಲಿ ಕಾಫಿ ಮುಗಿದು ಕರಿಮೆಣಸಿನ ಕೊಯ್ಲು ಶುರುವಾಗಿತ್ತು. ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿ ಎರಡಾಳು ಮೂರಾಳು ಎತ್ತರ ಹೋಗಿರುತ್ತದೆ. ಹತ್ತಲು ಇರುವುದು ಒಂಟಿ ಬಿದಿರಿನ ಏಣಿ. ಗೆಣ್ಣಿನ ಹತ್ತಿರ ಮೋಟಾಗಿ ಕಡಿದು ಬಿಟ್ಟ ಕವಲುಗಳೇ ಅದರ ಮೆಟ್ಟಿಲು. ಒಂದೇ ಕಾಲಿನ ಏಣಿ ಅದು, ಭಾರ ಬಿದ್ದ ಕಡೆಗೆ ತಿರುಗುತ್ತದೆ. ಆದ್ದರಿಂದ ಕೆಳಗೊಬ್ಬರು ಬೇಕು. ಅವರು ಕಾಲಿನ ಹೆಬ್ಬೆರಳನ್ನು ಬುಡಕ್ಕೆ ಒತ್ತಿ, ಭುಜ ಆನಿಸಿ, ಎರಡೂ ಕೈಯಲ್ಲಿ ಬಿದಿರು ತಬ್ಬಿ ನಿಲ್ಲುತ್ತಾರೆ. ಮುಖ ಮೇಲೆ ಮಾಡಿಯೇ ಇರಬೇಕು. ಮೇಲಿನಿಂದ ಒಣ ಎಲೆ, ಧೂಳು, ಕೆಂಪಿರುವೆ ಎಲ್ಲ ಕಣ್ಣಿಗೆ ಬೀಳುತ್ತದೆ. ಇರುವೆ ಕಚ್ಚಿದರೆ ಕೈಬಿಟ್ಟು ಕೆರೆದುಕೊಳ್ಳುವಂತಿಲ್ಲ. ಸಂಜೆ ಆಳುಗಳ ಲೈನ್‌ಮನೆಗೆ ಹೋಗುವಾಗ ಕುತ್ತಿಗೆ ಕೆಳಗೆ ಬಾಗುವುದಿಲ್ಲ.

ತೋಟದ ಗಂಡಸರು ಕೂಲಿ ಹೆಚ್ಚು ಸಿಗುವ ಕಡೆಗೆ, ಗಡಿಯಾಚೆ ಕೇರಳಕ್ಕೆ, ಹೋಗತೊಡಗಿದ ಮೇಲೆ ಏಣಿ ಹೆಂಗಸರ ಪಾಲಿಗೆ ಬಂದಿತ್ತು. ಹತ್ತುವವಳು ದೊಡ್ಡಿ, ಎರವ ಬುಡಕಟ್ಟಿನ ಹೆಂಗಸು, ಹುಟ್ಟಿದ್ದೇ ಈ ತೋಟದ ಲೈನಿನಲ್ಲಿ. ಹಿಡಿಯುವವಳು ಹುಚ್ಚಮ್ಮ, ಶಿರಂಗಾಲದ ಕಡೆಯ ಒಕ್ಕಲಿನ ಮನೆಯಿಂದ ಗಂಡನ ಹಿಂದೆ ಕಾಫಿ ಕೊಯ್ಯಲು ಬಂದು ಇಲ್ಲೇ ಉಳಿದವಳು. ದೊಡ್ಡಿಗೆ ಸುಸ್ತಾದರೆ ಹುಚ್ಚಮ್ಮ ಹತ್ತುವಳು, ದೊಡ್ಡಿ ಹಿಡಿಯುವಳು. ಎರಡೆರಡು ಮೆಟ್ಟಿಲಿಗೊಮ್ಮೆ ಮೇಲಿನಿಂದ ಒಂದು ಮಾತು ಬರುತ್ತಿತ್ತು.

"ಹುಚ್ಚಕ್ಕ, ಹಿಡ್ದಿದ್ದೀಯಾ?"

"ಹೂಂ. ಹತ್ತು."

ವರ್ಷಗಟ್ಟಲೆ ಇದೇ ಮಾತು. ಕೊನೆಕೊನೆಗೆ ಕೇಳುವವಳಿಗೂ ಹೇಳುವವಳಿಗೂ ಇದು ಉಸಿರಾಡಿದಷ್ಟೇ ಸಲೀಸಾಗಿತ್ತು.

ಇಬ್ಬರಲ್ಲಿ ಸ್ನೇಹ ಬೆಳೆದದ್ದು ಏಣಿಯಿಂದಲ್ಲ, ಸಾವಿನಿಂದ. ಹುಚ್ಚಮ್ಮನ ಗಂಡ ಸಣ್ಣಸ್ವಾಮಿ ಜ್ವರದಲ್ಲಿ ತೀರಿಕೊಂಡಾಗ ಅವನ ಕಡೆಯವರು ಬಂದರು, ಮಣ್ಣು ಹಾಕಿದರು, ಸಂಜೆ ಬಸ್ಸಿಗೆ ವಾಪಸ್ಸು ಹೋದರು. ಸೂತಕದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಅಕ್ಕಪಕ್ಕದವರು ಅನ್ನ ತಂದುಕೊಡುವುದು ವಾಡಿಕೆ. ಪಕ್ಕದ ಮನೆಯವಳೆಂದರೆ ದೊಡ್ಡಿ. ಅವಳು ಗಂಜಿ ತಂದು ಹೊಸ್ತಿಲಲ್ಲಿ ಇಟ್ಟಳು. ಎರವರವಳು ಮುಟ್ಟಿದ್ದು. ಹುಚ್ಚಮ್ಮ ಉಣ್ಣಲಿಲ್ಲ, ನಾಯಿ ಕುಡಿಯಿತು. ಮರುದಿನವೂ ದೊಡ್ಡಿ ತಂದಿಟ್ಟಳು. ಬೈಯಲಿಲ್ಲ, ಮುನಿಸಿಕೊಳ್ಳಲಿಲ್ಲ. ಆ ದಿನ ಹುಚ್ಚಮ್ಮ ಉಂಡಳು. ಹೊಟ್ಟೆಗೆ ಜಾತಿ ಗೊತ್ತಾಗಲಿಲ್ಲ.

ತಿಥಿ ಕಳೆಯುವವರೆಗೂ ದೊಡ್ಡಿ ತೋಟಕ್ಕೆ ಹೋಗದೆ ಬಾಗಿಲಾಚೆ ಕೂತಿದ್ದಳು. ನಿನಗ್ಯಾಕೆ ರಜೆ ಎಂದು ಆಗಿನ ರೈಟರ್ ಬಂದು ಬೈದ. ಹೋಗು, ನನ್ನಿಂದ ನಿನ್ನ ಕೂಲಿ ಯಾಕೆ ಕಳ್ಕೊಳ್ತೀಯ ಎಂದು ಹುಚ್ಚಮ್ಮನೂ ಹೇಳಿದಳು. "ಒಬ್ಳೇ ಕೂತ್ರೆ ಭಾರ ಆಗ್ತದೆ ಅಕ್ಕ" ಎಂದಳು ದೊಡ್ಡಿ. ಅಷ್ಟೇ ಅವಳು ಹೇಳಿದ್ದು.

ಈ ವರ್ಷ ಸುದೀಪ ಬಂದ. ಅವನೂ ಶಿರಂಗಾಲದ ಕಡೆಯವನೇ, ಹುಚ್ಚಮ್ಮನ ಜನವೇ. ನಮ್ಮೋನೊಬ್ಬ ರೈಟರ್ ಆಗಿ ಬಂದ ಎಂದು ಮೊದಲ ವಾರ ಅವಳಿಗೆ ಒಳಗೊಳಗೇ ಖುಷಿ. ಅದು ಹೆಚ್ಚು ದಿನ ಬಾಳಲಿಲ್ಲ. ಒಂದು ಬೆಳಿಗ್ಗೆ ಎಲ್ಲರನ್ನೂ ಕಣದಲ್ಲಿ ನಿಲ್ಲಿಸಿ ಹೊಸ ಕಾನೂನು ಹೇಳಿದ. ಇನ್ನು ಮೇಲೆ ಒಬ್ಬೊಬ್ಬರಿಗೆ ಒಂದೊಂದು ಏಣಿ. ಮೇಲೆ ಹೋಗಿ ಏಣಿಯನ್ನು ಹಗ್ಗದಲ್ಲಿ ಮರಕ್ಕೆ ಬಿಗಿಯುವುದು, ಕೊಯ್ಯುವುದು, ಬಿಚ್ಚುವುದು, ಇಳಿಯುವುದು.

"ಹಗ್ಗ ಕಟ್ಟೋಕೆ ಮೇಲೆ ಹೋಗ್ಬೇಕಲ್ಲ ರೈಟ್ರೇ. ಅಲ್ಲೀವರೆಗೆ ಯಾರು ಹಿಡಿಯೋದು?" ಎಂದು ಹುಚ್ಚಮ್ಮ ಕೇಳಿದಳು.

"ನಿಧಾನವಾಗಿ ಹತ್ತಿ. ಏಣಿ ಹಿಡಿಯೋದೂ ಒಂದು ಕೆಲಸಾನಾ ಹುಚ್ಚಮ್ಮ? ಒಬ್ಬಳು ಕೊಯ್ಯೋದು, ಒಬ್ಬಳು ಮೇಲೆ ನೋಡ್ಕೊಂಡು ನಿಂತಿರೋದು. ಇಬ್ಬರಿಗೂ ಕೂಲಿ. ಇದು ಯಾವ ನ್ಯಾಯ?"

ಹೆಂಗಸರು ಮುಖ ಮುಖ ನೋಡಿಕೊಂಡರು. ಸಾಹುಕಾರ ಕುಶಾಲಪ್ಪನವರು ಜೀಪಿನ ಹತ್ತಿರ ನಿಂತು ಕೇಳಿಸಿಕೊಂಡು, ಜೀಪು ಹತ್ತಿದರು. ಹೊಟ್ಟೆಪಾಡಿನ ಜನ ಏಣಿ ಹೊತ್ತುಕೊಂಡು ನಡೆದರು. ಹುಚ್ಚಮ್ಮನೂ ನಡೆದಳು. ಅವಳಿಗೆ ಜಗಳವಾಡಿ ಸಾಕಾಗಿತ್ತು.

ಅಂದು ದೊಡ್ಡಿಗೆ ಒಂದು ಮರ, ಹುಚ್ಚಮ್ಮನಿಗೆ ಅದರ ಪಕ್ಕದ ಸಾಲಿನ ಮರ. ನಡುವೆ ಕಾಫಿ ಗಿಡ. ಹುಚ್ಚಮ್ಮ ಹೇಗೋ ಮೇಲೆ ಹೋಗಿ, ಹಗ್ಗ ಬಿಗಿದು, ಸೊಂಟದ ಚೀಲಕ್ಕೆ ಮೆಣಸಿನ ಗೊಂಚಲು ಹಾಕುತ್ತಿದ್ದಳು. ಆಗ ಆಚೆ ಮರದಿಂದ ದೊಡ್ಡಿಯ ದನಿ ಕೇಳಿತು.

"ಹುಚ್ಚಕ್ಕ, ಹಿಡ್ದಿದ್ದೀಯಾ?"

"ಹೂಂ. ಹತ್ತು" ಎಂದಳು ಹುಚ್ಚಮ್ಮ.

ಬಾಯಿ ಅಂದುಬಿಟ್ಟಿತು. ಕೈ ಇಲ್ಲಿತ್ತು, ಬೇರೆ ಮರದ ಬಳ್ಳಿಯಲ್ಲಿ. ಕೇಳಿದವಳು ಅಭ್ಯಾಸದಿಂದ ಕೇಳಿದ್ದಳು, ಹೇಳಿದವಳು ಅಭ್ಯಾಸದಿಂದ ಹೇಳಿದ್ದಳು. ಹುಚ್ಚಮ್ಮನಿಗೆ ಎಚ್ಚರಾಗಿ "ಏ ದೊಡ್ಡೀ" ಎಂದು ಕೂಗುವಷ್ಟರಲ್ಲಿ ಬಿದಿರು ಮರಕ್ಕೆ ಉಜ್ಜಿದ ಸದ್ದು, ಕಾಫಿ ಗಿಡ ಮುರಿದ ಸದ್ದು. ಆಮೇಲೆ ಸದ್ದಿಲ್ಲ.

ಓಡಿ ಹೋಗೋಣವೆಂದರೆ ಅವಳು ಏಣಿಯ ಮೇಲಿದ್ದಳು. ಅವಳ ಏಣಿಯನ್ನೂ ಹಿಡಿಯುವವರಿರಲಿಲ್ಲ. ಹಗ್ಗ ಬಿಚ್ಚಿ, ಮರ ತಬ್ಬಿಕೊಂಡು, ಒಂದೊಂದೇ ಮೆಟ್ಟಿಲು ಕಾಲಲ್ಲಿ ತಡಕಿ ಇಳಿದಳು. ದೊಡ್ಡಿಯ ಕಣ್ಣು ತೆರೆದೇ ಇತ್ತು. ತಲೆಯ ಕೆಳಗೆ ಹಸಿ ಮೆಣಸು ಚೆಲ್ಲಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ, ಜೀಪಿನಲ್ಲಿ ಹುಚ್ಚಮ್ಮನ ತೊಡೆಯ ಮೇಲೆ ಅವಳ ಜೀವ ಹೋಯಿತು.

ಕಾಲು ಜಾರಿ ಬಿದ್ದಳು ಎಂದು ಬರೆದಾಯಿತು. ಕಾಲೇ ತಪ್ಪಿತಸ್ಥ. ಸಾಹುಕಾರರು ಹೊಸ ಬಟ್ಟೆ ಕಳಿಸಿದರು, ಅಡವಿಯಂಚಿನಲ್ಲಿ ಹೂಳಲು ಜಾಗ ತೋರಿಸಿದರು, ಧರ್ಮ ಮಾಡಿದವರಂತೆ ಮುಖ ಮಾಡಿಕೊಂಡರು. ದೊಡ್ಡಿಗೆ ಇದ್ದದ್ದು ಒಬ್ಬ ತಮ್ಮ, ಚಿಕ್ಕ. ಅವನೂ ಅವನ ಜನವೂ ಗುಂಡಿ ತೋಡಿ, ತಮ್ಮ ಪದ್ಧತಿಯಂತೆ ಎಲ್ಲ ಮಾಡಿದರು. ಹುಚ್ಚಮ್ಮ ದೂರದಲ್ಲಿ ನಿಂತಿದ್ದಳು. ಹತ್ತಿರ ಹೋಗಲು ತನಗೇನು ಹಕ್ಕು ಎಂದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ಚಿಕ್ಕ ತಿರುಗಿ ನೋಡಿದ.

"ಬಾ ಅಕ್ಕ. ನೀನೂ ಹಾಕು."

"ಚಿಕ್ಕ, ಅವ್ಳು ಹಿಡ್ದಿದ್ದೀಯಾ ಅಂದ್ಳು. ನಾನು ಹೂಂ ಅಂದ್ಬುಟ್ಟೆ ಕಣಪ್ಪಾ."

ಚಿಕ್ಕ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ. "ನಿನ್ನನ್ನ ಆ ಮರಕ್ಕೆ ಕಳ್ಸಿದ್ದು ಯಾರು? ನೀನೇ ಹೋದದ್ದಾ?" ಎಂದ. ಆಮೇಲೆ ಅವಳ ಕೈಗೆ ಮಣ್ಣು ಕೊಟ್ಟ. ಅವಳು ಹಾಕಿದಳು. ಅವಳ ಹಿಂದೆ ಅದೇ ಲೈನಿನ ಕಾಂತಮ್ಮ, ಉಳಿದ ಹೆಂಗಸರು, ಯಾವ ಯಾವ ಭಾಷೆಯವರೋ, ಎಲ್ಲ ಬಂದು ಒಂದೊಂದು ಹಿಡಿ ಹಾಕಿದರು.

ಮರುದಿನ ಬೆಳಿಗ್ಗೆ ಸುದೀಪ ಲೈನಿಗೆ ಬಂದಾಗ ಹುಚ್ಚಮ್ಮ ತಲೆ ಬಾಚದೆ, ಒಲೆ ಹಚ್ಚದೆ, ಹೊಸ್ತಿಲೊಳಗೆ ಕೂತಿದ್ದಳು.

"ಏಣಿ ತಗೊಳ್ಳಿಲ್ವಾ?"

"ನಂಗೆ ಸೂತಕ."

"ಊರಲ್ಲಿ ಯಾರಾದ್ರೂ ಹೋದ್ರಾ?"

"ದೊಡ್ಡಿ ಹೋದ್ಲಲ್ಲ."

ಸುದೀಪ ನಕ್ಕ. ಕೆಟ್ಟ ನಗುವಲ್ಲ. ಮಕ್ಕಳು ತಪ್ಪು ಹೇಳಿದಾಗ ದೊಡ್ಡವರು ನಗುತ್ತಾರಲ್ಲ, ಹಾಗೆ. "ಅವಳಿಗೂ ನಿಂಗೂ ಏನ್ ಸೂತಕ? ರಕ್ತ ಸಂಬಂಧಾನಾ? ಜಾತಿ ಒಂದೇನಾ? ನಮ್ಮೋಳಾಗಿ ಹಿಂಗೆಲ್ಲ ಮಾತಾಡಿದ್ರೆ ಕೇಳಿದೋರು ಏನಂತಾರೆ? ಅವಳ ತಮ್ಮನಿಗೆ ರಜೆ ಕೊಟ್ಟಿದ್ದೀವಿ. ಅದು ಸರಿ. ನಿಂಗೆ ಯಾವ ಲೆಕ್ಕದಲ್ಲಿ ಕೊಡ್ಲಿ?"

"ನೀವು ಕೊಡ್ಬೇಡಿ. ನಾನು ಕೂತಿದ್ದೀನಿ."

"ಲೈನ್‌ಮನೆ ಕೆಲಸ ಮಾಡೋರಿಗೆ ಇರೋದು ಹುಚ್ಚಮ್ಮ. ಕೂರೋರಿಗಲ್ಲ."

ಈ ಮನೆ ಬಿಟ್ಟರೆ ಅವಳಿಗೆ ತಲೆ ಮೇಲೊಂದು ಸೂರಿಲ್ಲ. ಅದು ಅವನಿಗೂ ಗೊತ್ತು, ಅದಕ್ಕೇ ಅಂದದ್ದು. ಅವನು ಹೋದ ಮೇಲೆ ಭಯ ಬಂತು. ಎದ್ದು ಹೋಗಿಬಿಡಲೇ ಎಂದುಕೊಂಡಳು. ಎದ್ದರೆ ದೊಡ್ಡಿ ಯಾರೂ ಅಲ್ಲ ಎಂದಾಗುತ್ತದೆ. ಇಷ್ಟು ವರ್ಷ ಒಬ್ಬರ ಜೀವ ಒಬ್ಬರ ಕೈಯಲ್ಲಿಟ್ಟದ್ದಕ್ಕೆ ಹೆಸರೇ ಇಲ್ಲ ಎಂದಾಗುತ್ತದೆ. ಕೂತೇ ಇದ್ದಳು.

ಮಧ್ಯಾಹ್ನ ಶಿರಂಗಾಲದಿಂದ ಗಂಡನ ಅಣ್ಣನ ಮಗ ಚಂದ್ರು ಫೋನು ಮಾಡಿದ. ಸುದ್ದಿ ಮುಟ್ಟಿಸಿದವನು ಯಾರೆಂದು ಕೇಳಬೇಕಾಗಿರಲಿಲ್ಲ.

"ಚಿಕ್ಕಮ್ಮ, ಏನಿದು ನಿನ್ ಕತೆ? ಮುಂದಿನ ವಾರ ನನ್ ತಂಗಿ ಅನುಶ್ರೀದು ನಿಶ್ಚಿತಾರ್ಥ. ನಿಂಗೆ ಸೂತಕ ಅಂದ್ರೆ ಮನೆತನಕ್ಕೆಲ್ಲ ಸೂತಕ. ಗಂಡಿನ ಕಡೆಯೋರು ಕೇಳುದ್ರೆ ಸತ್ತೋರು ಯಾರು ಅಂತ ಹೇಳ್ಲಿ?"

"ದೊಡ್ಡಿ ಅಂತ ಹೇಳು."

"ತಲೆ ಕೆಟ್ಟೈತಾ ನಿಂಗೆ? ತಲೆ ಮೇಲೆ ಒಂದ್ ಚೊಂಬು ನೀರ್ ಹುಯ್ಕೊಂಡು ಎದ್ದೋಗು."

"ನಿಮ್ ಚಿಕ್ಕಪ್ಪ ಸತ್ತಾಗ ನೀವು ಬಸ್ ಹತ್ತಿ ಹೋದ್ರಲ್ಲ ಚಂದ್ರು. ಆಮ್ಯಾಕೆ ನಂಗೆ ಗಂಜಿ ಇಟ್ಟೋಳು ಯಾರು ಗೊತ್ತಾ? ನಿಮ್ ಸೂತಕ ನಿಮ್ಮತ್ರ ಇಟ್ಕಳಿ. ಇದು ನಂದು."

ಚಂದ್ರು ಫೋನು ಕುಕ್ಕಿದ. ಹುಚ್ಚಮ್ಮನಿಗೆ ಅಳು ಬಂತು. ಕೋಪಕ್ಕೋ ದುಃಖಕ್ಕೋ ಬಂದದ್ದಲ್ಲ. ಸುಸ್ತಾಗಿತ್ತು. ಸಂಜೆ ಕಾಂತಮ್ಮ ಬಂದಳು. ತಮಿಳು ಮನೆಮಾತಿನವಳು, ಮೂರನೇ ಬಾಗಿಲಿನವಳು. ಏನೂ ಕೇಳದೆ ಗಂಜಿಯ ಪಾತ್ರೆಯನ್ನು ಹೊಸ್ತಿಲಲ್ಲಿ ಇಟ್ಟಳು. ಸೂತಕದ ಮನೆಗೆ ಇಡುವ ಹಾಗೆಯೇ ಇಟ್ಟಳು. ಹುಚ್ಚಮ್ಮ ಆ ಪಾತ್ರೆಯನ್ನು ಮಡಿಲಿಗೆ ಎಳೆದುಕೊಂಡು ಉಂಡಳು.

ಮೂರನೆಯ ದಿನ ಸುದೀಪ ಮತ್ತೆ ಬಂದ. ಈ ಸಲ ಅವನಿಗೇ ಅವಸರ. ಒಣಗಿದ ಮೆಣಸಿನ ಮೊದಲ ಚೀಲ ಊರ ದೇವರಿಗೆ ಹೋಗಬೇಕು. ಅದಕ್ಕೆ ಪೂಜೆಯಾಗದೆ ಉಳಿದ ಚೀಲಗಳನ್ನು ಕುಶಾಲಪ್ಪನವರು ವ್ಯಾಪಾರಿಯ ಲಾರಿಗೆ ಏರಿಸುವುದಿಲ್ಲ, ಅದು ಅವರ ಅಜ್ಜನ ಕಾಲದಿಂದ ಬಂದ ನಡಾವಳಿ. ಭಟ್ಟರು ಬಂದು ಕೂತಿದ್ದರು. ಉಳಿದವರು ಏಣಿಯ ಮೇಲೂ ಚೀಲ ತುಂಬುವುದರಲ್ಲೂ ಇದ್ದರು, ದೇವರ ಮೆಣಸನ್ನು ಕೇರಿ ಕೊಡಲು ಆಳಿರಲಿಲ್ಲ.

"ಏಣಿ ಬೇಡ, ಕಣಕ್ಕೆ ಬಾ. ನೆರಳಲ್ಲಿ ಕೂತು ಕೇರೋದು, ಅಷ್ಟೇ."

"ದೇವ್ರ ಮೆಣಸು ಮುಟ್ಟಂಗಿಲ್ಲ ರೈಟ್ರೇ. ಸೂತಕ."

"ನಿಂಗೆ ಯಾವ ಸೂತಕಾನೂ ಇಲ್ಲ ಅಂತ ಎಷ್ಟು ಸಲ ಹೇಳೋದು? ಬರ್ತೀಯೋ, ಇಲ್ಲ ಸಾಮಾನು ಹೊರಗೆ ಹಾಕಿಸ್ಲೋ?"

ಹುಚ್ಚಮ್ಮ ಎದ್ದಳು. ಹಟ ಹಿಡಿಯುವ ಶಕ್ತಿ ಉಳಿದಿರಲಿಲ್ಲ. ಇವರು ಇಲ್ಲ ಅಂತಾರೆ, ನಾನು ಉಂಟು ಅಂತೀನಿ, ದೇವರ ಮುಂದೇ ಕೇಳಿಬಿಡೋಣ ಎಂದು ದಾರಿಯಲ್ಲಿ ಹೊಳೆಯಿತು. ಬಾಚದ ತಲೆಯಲ್ಲೇ, ಉಟ್ಟ ಸೀರೆಯಲ್ಲೇ ನಡೆದಳು.

ಕಣದಲ್ಲಿ ಕರಿ ಮೆಣಸು ಹರಡಿತ್ತು. ಒಂದು ಕಡೆ ಮೊರದಷ್ಟು ಜಾಗ ಸಾರಿಸಿ, ರಂಗೋಲಿ ಎಳೆದು, ದೇವರ ಮೆಣಸನ್ನು ಬಾಳೆಲೆಯ ಮೇಲೆ ರಾಶಿ ಹಾಕಿದ್ದರು. ವೆಂಕಟಕೃಷ್ಣ ಭಟ್ಟರು ಆರತಿ ತಟ್ಟೆ ಜೋಡಿಸುತ್ತಿದ್ದರು. ಕುಶಾಲಪ್ಪನವರು ಬಿಳಿ ಅಂಗಿ ಹಾಕಿ ಕೈಕಟ್ಟಿ ನಿಂತಿದ್ದರು. ಕಾಂತಮ್ಮ ಮತ್ತು ಇನ್ನು ಕೆಲವು ಹೆಂಗಸರು ಚೀಲ ಹಿಡಿದು ಆಚೆ ನಿಂತಿದ್ದರು. ಸುದೀಪ ಮೊರ ತಂದು ಹುಚ್ಚಮ್ಮನ ಕೈಗೆ ಕೊಟ್ಟ.

ಅವಳು ಭಟ್ಟರ ಮುಂದೆ ನಿಂತಳು.

"ಸ್ವಾಮಿ, ನಂಗೆ ಸೂತಕ. ರೈಟ್ರು ಇಲ್ಲ ಅಂತಾರೆ. ನೀವೇ ಹೇಳಿ, ಮುಟ್ಲಾ?"

ಭಟ್ಟರು ತಲೆಯೆತ್ತಿದರು. "ಯಾರಮ್ಮ ತೀರಿಕೊಂಡದ್ದು?"

"ದೊಡ್ಡಿ."

"ಏಣಿಯಿಂದ ಬಿದ್ದವಳಾ? ಅವಳು ನಿನಗೆ ಏನಾಗಬೇಕು?"

ಹುಚ್ಚಮ್ಮ ಯೋಚಿಸಿದಳು. ಅಕ್ಕ ತಂಗಿ ಎಂದರೆ ಸುಳ್ಳಾಗುತ್ತದೆ. ಗೆಳತಿ ಎಂದರೆ ಸಾಲುವುದಿಲ್ಲ.

"ನಾನು ಹತ್ತುದ್ರೆ ಅವ್ಳು ಹಿಡೀತಿದ್ಲು ಸ್ವಾಮಿ. ಅವ್ಳು ಹತ್ತುದ್ರೆ ನಾನು ಹಿಡೀತಿದ್ದೆ. ಸಾಯೋ ಗಳಿಗೇಲಿ ಹಿಡ್ದಿದ್ದೀಯಾ ಅಂತ ಕೇಳಿದ್ದು ನನ್ನ. ಒಡಹುಟ್ಟಿದೋನ್ನಲ್ಲ, ದೇವ್ರನ್ನೂ ಅಲ್ಲ."

"ಅದೆಲ್ಲ ಸರಿಯಮ್ಮ, ಮನಸ್ಸಿಗೆ ನೋವಾಗುತ್ತದೆ. ಆದರೆ ಅದು ಸಂಬಂಧ ಅಲ್ಲ. ಸೂತಕ ಬರುವುದು ದಾಯಾದಿಗಳಿಗೆ, ಒಂದೇ ಕುಲದವರಿಗೆ. ಶಾಸ್ತ್ರದ ಪ್ರಕಾರ ನಿನಗೆ ಇಲ್ಲ."

"ಕೇಳಿದ್ಯಲ್ಲ" ಎಂದ ಸುದೀಪ.

"ಸರಿ ಸ್ವಾಮಿ. ಇಲ್ಲ ಅಂದ್ರೆ ಮುಟ್ತೀನಿ" ಎಂದು ಹುಚ್ಚಮ್ಮ ಮೊರ ಕೆಳಗಿಟ್ಟು, ಬಾಳೆಲೆಯ ಕಡೆಗೆ ಬಗ್ಗಿದಳು. ಸತ್ತವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡವಳು, ಮಣ್ಣು ಹಾಕಿದ ಕೈಯವಳು. ಆ ಕೈ ದೇವರ ಮೆಣಸಿನ ಹತ್ತಿರ ಬಂತು.

ಭಟ್ಟರು ಆರತಿ ತಟ್ಟೆಯನ್ನು ಸರ್ರನೆ ಎದೆಗೆಳೆದುಕೊಂಡರು. ಕುಶಾಲಪ್ಪನವರ ಕೈ ತಾನಾಗಿಯೇ ಮುಂದೆ ಬಂತು.

"ಏ, ತಡಿ. ಮುಟ್ಬೇಡ."

ಹುಚ್ಚಮ್ಮ ಬಗ್ಗಿದಲ್ಲೇ ನಿಂತಳು.

"ಯಾಕೆ ಸಾವ್ಕಾರ್ರೇ?"

ಸಾಹುಕಾರರು ಭಟ್ಟರನ್ನು ನೋಡಿದರು. ಭಟ್ಟರು ತಟ್ಟೆಯನ್ನು ನೋಡಿದರು. ಸುದೀಪ ಫೋನು ನೋಡಿದ.

"ಸೂತಕ ಇಲ್ಲ ಅಂದ್ರೆ ಮುಟ್ಬೋದು. ಮುಟ್ಬಾರ್ದು ಅಂದ್ರೆ ಐತೆ. ಎರಡ್ರಲ್ಲಿ ಒಂದು ಹೇಳಿ. ನಾನು ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ. ನಿಂತ್ಕಳಕ್ಕಾಗಲ್ಲ."

ಅವಳ ದನಿಯಲ್ಲಿ ಸವಾಲಿರಲಿಲ್ಲ. ಅಂಗಡಿಯಲ್ಲಿ ಉಪ್ಪಿದೆಯೋ ಇಲ್ಲವೋ ಎಂದು ಕೇಳಿದ ಹಾಗಿತ್ತು. ಕುಶಾಲಪ್ಪನವರ ಮುಖ ಕೆಂಪಾಯಿತು, ಆಮೇಲೆ ಇಳಿಯಿತು. ದೇವರ ವಿಷಯದಲ್ಲಿ ಅವರು ನಿಜಕ್ಕೂ ಹೆದರುವವರು.

"ಉಂಟು ಮಾರಾಯ್ತಿ, ಉಂಟು. ನಿಂಗೆ ಸೂತಕ ಉಂಟು. ಮನೆಗೆ ಹೋಗು. ಮುಗಿಸ್ಕೊಂಡೇ ಬಾ."

ಹುಚ್ಚಮ್ಮ ಕೈ ಹಿಂದೆಗೆದು ನಿಧಾನವಾಗಿ ನೆಟ್ಟಗಾದಳು. ಗೆದ್ದೆ ಅನ್ನಿಸಲಿಲ್ಲ. ದೊಡ್ಡಿ ತನ್ನವಳು ಎಂದು ಒಪ್ಪಿಸಲು ದೊಡ್ಡಿ ಸಾಯಬೇಕಾಯಿತು, ಆಮೇಲೆ ಇವರು ಹೆದರಬೇಕಾಯಿತು. ಪ್ರೀತಿಗೆ ಬಗ್ಗದವರು ಮೈಲಿಗೆಗೆ ಬಗ್ಗಿದರು. ಥೂ ಎಂದುಕೊಂಡಳು.

ಅವಳು ತಿರುಗುವಷ್ಟರಲ್ಲಿ ಹಿಂದಿನಿಂದ ಕಾಂತಮ್ಮ ತನ್ನ ಕೈಯ ಚೀಲವನ್ನು ನೆಲಕ್ಕೆ ಹಾಕಿದಳು.

"ನಾನೂ ಮಣ್ಣು ಹಾಕಿದ್ದೀನಿ ಸಾವ್ಕಾರ್ರೇ. ಅವ್ಳಿಗೆ ಉಂಟು ಅಂದ್ರೆ ನಂಗೂ ಉಂಟಲ್ಲ?"

ಇನ್ನೊಬ್ಬಳು ಹಾಕಿದಳು. ಎಲ್ಲರೂ ಹಾಕಲಿಲ್ಲ. ಮನೆಯಲ್ಲಿ ಹಸಿದವರಿದ್ದವರು ಹಿಡಿದ ಚೀಲ ಬಿಡದೆ ತಲೆ ತಗ್ಗಿಸಿ ನಿಂತರು. ಅವರನ್ನು ಯಾರು ಬೈಯುವುದು? ಆದರೆ ಏಣಿ ಹತ್ತುವ ಹೆಂಗಸರೆಲ್ಲ ಮಣ್ಣು ಹಾಕಿದವರೇ, ಮರುದಿನ ಅವರೂ ಸೂತಕ ಹಿಡಿದು ಮನೆಯಲ್ಲಿ ಕೂತರು.

ಬಳ್ಳಿಯಲ್ಲಿ ಹಣ್ಣಾದ ಮೆಣಸು ಉದುರತೊಡಗಿತು. ಹಕ್ಕಿಗಳಿಗೆ ಹಬ್ಬ. ಸುದೀಪ ಎಲ್ಲಿಂದಲೋ ಜೀಪಿನಲ್ಲಿ ಗಂಡಾಳುಗಳನ್ನು ಕರೆತಂದ. ಅವರು ಮರ ನೋಡಿದರು, ಒಂಟಿ ಏಣಿ ನೋಡಿದರು, ಹಿಡಿಯುವವರು ಯಾರು ಎಂದು ಕೇಳಿದರು. ಹಿಡಿಯಲು ಆಳಿಲ್ಲ ಎಂದಾಗ ಅದೇ ಜೀಪಿನಲ್ಲಿ ವಾಪಸ್ಸು ಹೋದರು. ಅವರೇನು ಬಂಡಾಯಗಾರರಲ್ಲ, ಸಾಯಲು ಮನಸ್ಸಿಲ್ಲದವರು.

ಸೂತಕ ಕಳೆದ ದಿನ ಹುಚ್ಚಮ್ಮ ತಲೆಗೆ ಸ್ನಾನ ಮಾಡಿ, ದೊಡ್ಡಿಯ ಗುಂಡಿಯ ಹತ್ತಿರ ಹೋಗಿ ಗಂಜಿ ಇಟ್ಟು ಬಂದಳು. ಹಾಗೆ ಇಡಬೇಕೋ ಬೇಡವೋ, ಯಾರ ಪದ್ಧತಿಯಲ್ಲಿ ಉಂಟೋ ಅವಳಿಗೆ ಗೊತ್ತಿರಲಿಲ್ಲ. ಚಿಕ್ಕ ಬಂದು ಅದರ ಮೇಲೊಂದು ಎಲೆ ಮುಚ್ಚಿದ.

ಮಾರನೇ ದಿನ ಎಲ್ಲರೂ ತೋಟಕ್ಕೆ ಹೊರಟರು. ಹೆಂಗಸರು ಹೊರಗೆ ತೆಗೆದದ್ದು ಇಬ್ಬಿಬ್ಬರಿಗೆ ಒಂದೇ ಏಣಿ. ಉಳಿದ ಏಣಿಗಳು ಕಣದ ಗೋಡೆಗೆ ಒರಗಿಕೊಂಡೇ ಇದ್ದವು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ದೊಡ್ಡಿ ಬಿದ್ದ ಮರದ ಹತ್ತಿರ ಬಂದಾಗ ಕಾಂತಮ್ಮ ಸೆರಗು ಬಿಗಿದುಕೊಂಡು ಹುಚ್ಚಮ್ಮನ ಮುಖ ನೋಡಿದಳು. ಹುಚ್ಚಮ್ಮ ಬುಡಕ್ಕೆ ಹೆಬ್ಬೆರಳು ಒತ್ತಿ, ಭುಜ ಕೊಟ್ಟು, ಬಿದಿರನ್ನು ತಬ್ಬಿ ನಿಂತಳು. ಮುಖ ಮೇಲೆ ಮಾಡಿದಳು. ಮೊದಲ ಇರುವೆ ಕುತ್ತಿಗೆಗೆ ಬಿತ್ತು.

ಕಾಫಿ ಗಿಡದ ಸಂದಿನಿಂದ ಸುದೀಪ ಬಂದ. ಸಾಹುಕಾರರು ಇಬ್ಬರಿಗೂ ಕೂಲಿ ಎಂದಿದ್ದರೋ ಇಲ್ಲವೋ ಅವನೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಹಳೆಯ ಅಭ್ಯಾಸ ಅವನಿಗೂ ಇತ್ತು.

"ಸುಮ್ನೆ ನಿಂತು ಏನ್ ಮಾಡ್ತಿದ್ದೀಯ ಹುಚ್ಚಮ್ಮ?"

"ಕೆಲ್ಸ."

ಅವಳು ಅವನ ಕಡೆ ತಿರುಗಲಿಲ್ಲ. ತಿರುಗುವಂತಿರಲಿಲ್ಲ. ಅವನು ಇನ್ನೂ ಏನೋ ಹೇಳುತ್ತಿದ್ದ. ಅಷ್ಟರಲ್ಲಿ ಮೇಲಿನಿಂದ ಕಾಂತಮ್ಮ ಕೂಗಿದಳು.

"ಹುಚ್ಚಕ್ಕ, ಹಿಡ್ದಿದ್ದೀಯಾ?"

ಹುಚ್ಚಮ್ಮನ ಬಾಯಿ ತುದಿಗೆ ಉತ್ತರ ಬಂತು. ಅವಳು ಅದನ್ನು ತಡೆದಳು. ಮೊದಲು ತನ್ನ ಕೈ ನೋಡಿಕೊಂಡಳು. ಎರಡೂ ಬಿದಿರಿನ ಮೇಲಿದ್ದವು. ಕಾಲು ನೋಡಿಕೊಂಡಳು, ಬುಡದಲ್ಲಿತ್ತು.

"ಹೂಂ. ಹತ್ತು" ಎಂದಳು.